ಸಿಲಿಕೋನ್ ಮೇಲೆ ಗೂಬೆ ಕೂರಿಸುವ ಮುಂಚೆ: ಗುಂಗುರು ಕೂದಲಿನ ದೋಷ ಹುಡುಕುವ ಕೈಪಿಡಿ

ಗುಂಗುರು ಕೂದಲು ಮುನಿಸಿಕೊಂಡರೆ ಮೊದಲು ಬೈಸಿಕೊಳ್ಳುವುದು ಸಿಲಿಕೋನ್, ಅಂದರೆ ಕಂಡೀಷನರ್, ಸೀರಮ್‌ಗಳಲ್ಲಿ ಕೂದಲು ಜಾರಲಿ, ಹೊಳೆಯಲಿ ಅಂತ ಹಾಕುವ ವಸ್ತು. ಸುರುಳಿ ಜೋತುಬಿದ್ದರೂ ಅದೇ ಕಾರಣ, ಒಣಗಿದರೂ ಅದೇ, ಹೊಟ್ಟು ಬಂದರೂ ಅದೇ. ಯಾರನ್ನಾದರೂ ಕೇಳಿ ನೋಡಿ, "ಸಿಲಿಕೋನ್ ಬಿಟ್ಟುಬಿಡಿ, ಎಲ್ಲಾ ಸರಿಹೋಗುತ್ತೆ" ಅಂತಾರೆ. ನಾನೂ ಬಿಟ್ಟೆ. ಎರಡು ತಿಂಗಳು ಸಿಲಿಕೋನ್ ಇರುವ ಒಂದು ಹನಿಯನ್ನೂ ತಲೆಗೆ ಮುಟ್ಟಿಸಲಿಲ್ಲ. ಕೂದಲು ಸರಿಹೋಗುವುದಿರಲಿ, ಬಾಚಣಿಗೆ ಇಳಿಯದಷ್ಟು ಸಿಕ್ಕಾಯಿತು. ಕೊನೆಗೆ ನೋಡಿದರೆ ತೊಂದರೆ ಇದ್ದಿದ್ದು ನಲ್ಲಿ ನೀರಿನಲ್ಲಿ. ಸಿಲಿಕೋನ್ ಪಾಪ ಅದನ್ನು ಅಷ್ಟು ದಿನ ಮುಚ್ಚಿಟ್ಟಿತ್ತು ಅಷ್ಟೆ.

ಹಾಗಂತ ಸಿಲಿಕೋನ್ ಯಾವತ್ತೂ ತಪ್ಪೇ ಮಾಡಲ್ಲ ಅಂತಲೂ ಅಲ್ಲ. ತಲೆಗೆ ಹಾಕಿದ್ದಕ್ಕೂ ತಲೆಯಿಂದ ತೊಳೆದು ತೆಗೆದಿದ್ದಕ್ಕೂ ಲೆಕ್ಕ ತಾಳೆಯಾಗದಿದ್ದರೆ ಅದು ಖಂಡಿತ ಕಾಟ ಕೊಡುತ್ತದೆ. ಆ ಲೆಕ್ಕ ಎಲ್ಲಿ ತಪ್ಪಿದೆ ಅಂತ ಹುಡುಕುವುದೇ ಇಲ್ಲಿನ ಕೆಲಸ. ಹೊಸ ಡಬ್ಬಿ ಕೊಳ್ಳುವುದು ಕೊನೆಗೆ. ಮೊದಲು ಕಣ್ಣು, ಬೆರಳು, ಮನೆಯಲ್ಲಿ ಈಗಾಗಲೇ ಇರುವ ಶಾಂಪೂ, ಇಷ್ಟರಲ್ಲೇ ಆಗುವ ಪರೀಕ್ಷೆಗಳು.

## ಕೂದಲ ಮೇಲೆ ಅದು ಮಾಡುವುದೇನು

ಕೂದಲಿನ ಹೊರಮೈ ಹೆಂಚು ಹೊದಿಸಿದ ಮಾಡಿನ ಹಾಗಿರುತ್ತದೆ. ಒಂದರ ಮೇಲೊಂದು ಸಣ್ಣ ಚಿಪ್ಪುಗಳು. ಹೊಸ ಕೂದಲಿನ ಆ ಚಿಪ್ಪುಗಳ ಮೇಲೆ ತೆಳುವಾದ ಕೊಬ್ಬಿನ ಪದರ ಇರುತ್ತದೆ, ಅದಕ್ಕೇ ಹೊಸ ಕೂದಲ ಮೇಲೆ ನೀರು ಜಾರುತ್ತದೆ, ಎಳೆ ಎಳೆಗೆ ಉಜ್ಜಿದರೂ ಸಿಕ್ಕಾಗುವುದು ಕಮ್ಮಿ. ಬ್ಲೀಚ್, ಬಣ್ಣ, ಬಿಸಿಲು, ಬಾಚಣಿಗೆ ಇವೆಲ್ಲ ಆ ಪದರವನ್ನು ಸವೆಸುತ್ತವೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 30 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ಎರಡೂವರೆ ವರ್ಷ ವಯಸ್ಸು! ಅಷ್ಟು ದಿನ ತೊಳೆದು, ಒರೆಸಿ, ಕಟ್ಟಿ, ಬಿಚ್ಚಿದ ಬಟ್ಟೆ ಹೇಗಿರುತ್ತೆ ಅಂತ ಯೋಚಿಸಿ.

ಗುಂಗುರು ಕೂದಲಿಗೆ ಇನ್ನೂ ಎರಡು ಕಷ್ಟ ಇದೆ. ಬುಡದ ಜಿಡ್ಡು ತಿರುವುಗಳನ್ನು ದಾಟಿ ತುದಿಯವರೆಗೆ ಇಳಿಯುವುದಿಲ್ಲ. ಜೊತೆಗೆ ಪಕ್ಕದ ಎಳೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಸಿಕ್ಕಾಗುತ್ತವೆ. ಸಿಲಿಕೋನ್ ಇಲ್ಲಿಗೆ ಬರುತ್ತದೆ. ಸಿಲಿಕಾನ್, ಆಮ್ಲಜನಕ, ಮತ್ತೆ ಸಿಲಿಕಾನ್, ಹೀಗೆ ಪೋಣಿಸಿದ ಉದ್ದ ಸರ ಅದು. ಚಿಪ್ಪುಗಳ ಮೇಲೆ ತೆಳ್ಳಗೆ ಹರಡಿ ಉಜ್ಜಾಟ ಕಮ್ಮಿ ಮಾಡುತ್ತದೆ, ಹೊಳಪು ಕೊಡುತ್ತದೆ, ಬಿಸಿ ಸ್ವಲ್ಪ ನಿಧಾನವಾಗಿ ಒಳಗೆ ಹೋಗುವ ಹಾಗೆ ಮಾಡುತ್ತದೆ. ರಿಪೇರಿ ಮಾಡುವುದಿಲ್ಲ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಸೀಳಿದ ತುದಿ ಅಂಟಿಕೊಂಡ ಹಾಗೆ ಕಾಣುವುದು ಮುಂದಿನ ತಲೆಸ್ನಾನದವರೆಗೆ ಮಾತ್ರ.

"ಕೂದಲಿಗೆ ಉಸಿರುಗಟ್ಟುತ್ತೆ" ಅಂತ ಒಂದು ಮಾತಿದೆ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವೇ ಇಲ್ಲ, ಉಸಿರೆಲ್ಲಿಂದ? ಸಿಲಿಕೋನ್ ಪದರದ ಮೂಲಕ ನೀರಾವಿ ಓಡಾಡುತ್ತದೆ ಕೂಡ. ಅದು ಪ್ಲಾಸ್ಟಿಕ್ ಚೀಲ ಅಲ್ಲ.

## ಮೊದಲ ಐದು ನಿಮಿಷ: ಡಬ್ಬಿ ತಿರುಗಿಸಿ ಓದಿ

ಖರ್ಚಿಲ್ಲದ ಪರೀಕ್ಷೆ ಇದೇ. ತಲೆಗೆ ಹಾಕುವ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ. ಶಾಂಪೂ, ಕಂಡೀಷನರ್, ಕ್ರೀಮ್, ಜೆಲ್, ಸೀರಮ್, ಸ್ಪ್ರೇ. ಹಿಂದಿನ ಪಟ್ಟಿಯಲ್ಲಿ "ಕೋನ್", "ಕೋನಾಲ್", "ಸಿಲಾಕ್ಸೇನ್" ಅಂತ ಮುಗಿಯುವ ಹೆಸರುಗಳನ್ನು ಹುಡುಕಿ. ಎಲ್ಲಾ ಒಂದೇ ಜಾತಿಯವಲ್ಲ, ಗಮನವಿರಲಿ.

ಸೈಕ್ಲೋಪೆಂಟಾಸಿಲಾಕ್ಸೇನ್, ಸೈಕ್ಲೋಹೆಕ್ಸಾಸಿಲಾಕ್ಸೇನ್ ಇವು ಹಾರಿಹೋಗುವ ಜಾತಿ. ಸೀರಮ್ ಸರಾಗವಾಗಿ ಹರಡಲಿ ಅಂತ ಹಾಕಿರುತ್ತಾರೆ, ಹಚ್ಚಿದ ಮೇಲೆ ತಾವಾಗಿ ಆವಿಯಾಗುತ್ತವೆ. ಇವು ಕೂತು ಕಟ್ಟಿಕೊಳ್ಳುವುದಿಲ್ಲ. ಹೆಸರಿನ ಮುಂದೆ "ಪೆಗ್" (PEG) ಅಂತ ಇದ್ದರೆ, ಉದಾಹರಣೆಗೆ ಪೆಗ್-12 ಡೈಮೆಥಿಕೋನ್, ಅದು ನೀರಿನ ಜೊತೆ ಹೊಂದಿಕೊಳ್ಳುವ ಜಾತಿ, ತೊಳೆದರೆ ಸುಲಭವಾಗಿ ಹೋಗುತ್ತದೆ. ಬರೀ ಡೈಮೆಥಿಕೋನ್, ಡೈಮೆಥಿಕೋನಾಲ್ ಇವು ನೀರಿಗೆ ಜಗ್ಗುವುದಿಲ್ಲ, ಶಾಂಪೂ ಬೇಕೇ ಬೇಕು. ಇನ್ನೊಂದು ಅಮೋಡೈಮೆಥಿಕೋನ್. ಇದು ಸ್ವಲ್ಪ ಬುದ್ಧಿವಂತ ಅನ್ನಬಹುದು. ಸವೆದ ಕೂದಲಿನ ಮೇಲೆ ಋಣ ವಿದ್ಯುತ್ ಅಂಶ ಜಾಸ್ತಿ, ಇದಕ್ಕೆ ಧನ ಅಂಶ ಇದೆ, ಹಾಗಾಗಿ ಎಲ್ಲಿ ಸವೆದಿದೆಯೋ ಅಲ್ಲಿಗೇ ಹೋಗಿ ಕೂರುತ್ತದೆ. ಒಂದು ಪದರ ಕೂತ ಮೇಲೆ ಅದರ ಮೇಲೆ ಇನ್ನೊಂದು ಪದರ ಅಷ್ಟಾಗಿ ಏರುವುದಿಲ್ಲ.

ಪಟ್ಟಿಯಲ್ಲಿ ಎಷ್ಟನೆಯ ಜಾಗದಲ್ಲಿದೆ ಅನ್ನುವುದೂ ಮುಖ್ಯ. ಜಾಸ್ತಿ ಇರುವುದನ್ನು ಮೊದಲು ಬರೆಯುತ್ತಾರೆ, 1%ಗಿಂತ ಕಮ್ಮಿ ಇರುವುದನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಫಿನಾಕ್ಸಿಎಥನಾಲ್ ಅನ್ನುವ ಸಂರಕ್ಷಕ ಸಾಮಾನ್ಯವಾಗಿ 1%ಗಿಂತ ಜಾಸ್ತಿ ಇರುವುದಿಲ್ಲ, ಹಾಗಾಗಿ ಅದನ್ನು ಗಡಿ ಕಲ್ಲು ಅಂತ ಇಟ್ಟುಕೊಳ್ಳಿ. ಡೈಮೆಥಿಕೋನ್ ಅದಕ್ಕಿಂತ ಕೆಳಗಿದ್ದರೆ ಸುಮ್ನೆ ತಲೆಕೆಡಿಸಿಕೊಳ್ಳಬೇಡಿ.

ಮಧ್ಯೆ ಒಂದು ಮಾತು. "ಯುರೋಪಿನಲ್ಲಿ ಸಿಲಿಕೋನ್ ನಿಷೇಧ ಮಾಡಿದ್ದಾರೆ, ಅಷ್ಟು ಕೆಟ್ಟದ್ದು" ಅಂತ ಹೇಳುವವರಿದ್ದಾರೆ. ಅದು ಶುರುವಾಗಿದ್ದು ಹೀಗೆ: ಡಿ4, ಡಿ5 ಅನ್ನುವ ಎರಡು ಸೈಕ್ಲೋ ಸಿಲಿಕೋನ್‌ಗಳು ತೊಳೆದು ತೆಗೆಯುವ ವಸ್ತುಗಳಲ್ಲಿ 0.1% ಮುಟ್ಟುವಂತಿಲ್ಲ ಅಂತ 2020ರ ಜನವರಿ 31ರ ನಂತರ ಯುರೋಪಿಯನ್ ಒಕ್ಕೂಟದಲ್ಲಿ ನಿಯಮ ಬಂತು. ಕಾರಣ ನೀರಿನಲ್ಲಿ ಉಳಿದುಕೊಂಡು ಪರಿಸರಕ್ಕೆ ತೊಂದರೆ. ಕೂದಲು ಹಾಳಾಗುತ್ತೆ ಅಂತ ಅಲ್ಲ. ಪರಿಸರಕ್ಕಾಗಿ ಬಿಡುವುದಾದರೆ ಅದು ಒಳ್ಳೆಯ ಕಾರಣವೇ, ಆದರೆ ಅದು ಬೇರೆ ವಿಷಯ.

## ಖಾಲಿ ಜೊಂಪೆ ಪರೀಕ್ಷೆ

ಲಕ್ಷಣ ಯಾವುದೇ ಇರಲಿ, ಇದನ್ನು ಮಾಡದೆ ಮುಂದೆ ಹೋಗಬೇಡಿ. ನನಗೆ ಇದರಿಂದಲೇ ದಾರಿ ಸಿಕ್ಕಿದ್ದು.

ಕಿವಿಯ ಹಿಂದೆ ಪೆನ್ಸಿಲ್ ದಪ್ಪದ ಒಂದು ಜೊಂಪೆ ಬಿಡಿಸಿಕೊಳ್ಳಿ. ಉಳಿದ ಕೂದಲನ್ನೆಲ್ಲ ಮೇಲೆ ಕಟ್ಟಿಬಿಡಿ. ಆ ಜೊಂಪೆಯನ್ನು ಮಾತ್ರ ಚೆನ್ನಾಗಿ ನೊರೆ ಬರುವ, ಸೋಡಿಯಂ ಲಾರೆತ್ ಸಲ್ಫೇಟ್ ಇರುವ, ಆದರೆ ಸಿಲಿಕೋನ್ ಇಲ್ಲದ ಶಾಂಪೂ ಹಾಕಿ ಎರಡು ಸಲ ತೊಳೆಯಿರಿ. ಮೊದಲ ಸಲ ನೊರೆ ಸರಿಯಾಗಿ ಬರುವುದಿಲ್ಲ, ಬಂದಿದ್ದೂ ತಕ್ಷಣ ಸತ್ತುಹೋಗುತ್ತದೆ. ಎರಡನೇ ಸಲ ನೊರೆ ದಪ್ಪಗೆ ನಿಂತರೆ ಮೇಲೆ ಏನೋ ಕೂತಿತ್ತು, ಈಗ ಹೋಯಿತು ಅಂತ ಅರ್ಥ. ಚೆನ್ನಾಗಿ ನೀರು ಹಾಕಿ. ಕಂಡೀಷನರ್ ಬೇಡ, ಸೀರಮ್ ಬೇಡ, ಏನೂ ಬೇಡ. ಟವೆಲ್‌ನಿಂದ ಉಜ್ಜದೆ ಹಾಗೇ ಒಣಗಲು ಬಿಡಿ. ಪೂರ್ತಿ ಒಣಗಿದ ಮೇಲೆ ಅದನ್ನು ಪಕ್ಕದ ತೊಳೆಯದ ಜೊಂಪೆಯ ಜೊತೆ ಕನ್ನಡಿಯಲ್ಲಿ ಹೋಲಿಸಿ.

ತೊಳೆದ ಜೊಂಪೆ ಮೇಲಕ್ಕೆ ಎದ್ದು ಸುರುಳಿ ಬಿಗಿಯಾಗಿದ್ದರೆ, ನಿಮ್ಮ ಕೂದಲ ಮೇಲೆ ಭಾರ ಕೂತಿತ್ತು. ಅದು ಸಿಲಿಕೋನೇ ಆಗಿರಬೇಕೆಂದಿಲ್ಲ, ಎಣ್ಣೆಯೋ ಬೆಣ್ಣೆಯಂಥ ಕ್ರೀಮೋ ಆಗಿರಬಹುದು. ಸುರುಳಿ ಬಂತು ಆದರೆ ಒರಟು, ಪಕ್ಕದ ಎಳೆಗಳಿಗೆ ಸಿಕ್ಕಿಕೊಳ್ಳುತ್ತದೆ ಅಂದರೆ ಗಾಬರಿ ಬೇಡ, ಏನೂ ಹಚ್ಚದ ಕೂದಲು ಇರುವುದೇ ಹಾಗೆ. ಎರಡು ಸಲ ತೊಳೆದ ಮೇಲೂ ಮೇಣ ಸವರಿದ ಹಾಗೆ, ಮಂಕಾಗಿ, ಗಡುಸಾಗಿದ್ದರೆ ನೀರಿನ ಮೇಲೆ ಅನುಮಾನ. ಸುರುಳಿಯೇ ಬರದೆ ನೇರವಾಗಿ ನೇತಾಡಿದರೆ ಒಳಗೆ ಪೆಟ್ಟು ಬಿದ್ದಿದೆ. ಈ ನಾಲ್ಕರಲ್ಲಿ ನಿಮ್ಮದು ಯಾವುದು ಅಂತ ನೆನಪಿಟ್ಟುಕೊಂಡು ಮುಂದೆ ಓದಿ.

## "ತೊಳೆದ ಮರುದಿನವೇ ಜೋತುಬೀಳುತ್ತೆ, ಸುರುಳಿ ಎಳೆದ ಹಾಗಿದೆ"

ಖಾಲಿ ಜೊಂಪೆ ಎದ್ದು ನಿಂತಿದ್ದರೆ ಇದು ನಿಮ್ಮ ವಿಭಾಗ. ಇದಕ್ಕೆ ಸುಲಭದ ಮದ್ದು ಕಮ್ಮಿ ಹಾಕುವುದು. ನಿಜವಾಗಲೂ, ಅರ್ಧಕ್ಕರ್ಧ ಜನಕ್ಕೆ ಇಲ್ಲೇ ಮುಗಿಯುತ್ತೆ ಅಂತ ನನ್ನ ಅನಿಸಿಕೆ. ಸೀರಮ್ ಡಬ್ಬಿಯನ್ನು ಅಂಗೈಗೆ ಒತ್ತಿದಾಗ ಒಂದು ರೂಢಿ ಬಂದುಬಿಟ್ಟಿರುತ್ತದೆ, ಮೂರು ಸಲ ಒತ್ತುವುದು, ಲೆಕ್ಕವೇ ಇರುವುದಿಲ್ಲ. ಒಂದು ಸಲ ಒತ್ತಿ. ಅದನ್ನು ಎರಡೂ ಅಂಗೈಗೆ ಸವರಿ ತುದಿಯ ಕಡೆ ಅರ್ಧ ಉದ್ದಕ್ಕೆ ಮಾತ್ರ ಹಿಚುಕಿ. ಬುಡಕ್ಕೆ ಬೇಡವೇ ಬೇಡ.

ಎರಡು ವಾರ ಹೀಗೆ ಮಾಡಿದರೂ ಸರಿಹೋಗದಿದ್ದರೆ ತೊಳೆಯುವ ಕಡೆ ನೋಡಿ. ಕಂಡೀಷನರ್‌ನಿಂದಲೇ ತಲೆ ತೊಳೆಯುವ ಅಭ್ಯಾಸ ಇದೆಯಾ? ಡೈಮೆಥಿಕೋನ್ ಇರುವ ಸೀರಮ್ ಹಚ್ಚಿ ಅದನ್ನು ಕಂಡೀಷನರ್‌ನಿಂದ ತೆಗೆಯಲು ಹೋದರೆ, ದಿನವೂ ಬಣ್ಣ ಬಳಿದು ಯಾವತ್ತೂ ಕೆರೆಯದ ಗೋಡೆಯ ಕತೆ. ಇಲ್ಲಿ ಆಯ್ಕೆ ಎರಡೇ. ನೀರಿಗೆ ಜಗ್ಗದ ಸಿಲಿಕೋನ್ ಬೇಕಾದರೆ ವಾರಕ್ಕೊಮ್ಮೆಯಾದರೂ ಸರಿಯಾದ ಶಾಂಪೂ. ಶಾಂಪೂ ಬೇಡವೇ ಬೇಡ ಅಂದರೆ ಪೆಗ್ ಜಾತಿಯ ಅಥವಾ ಸಿಲಿಕೋನ್ ಇಲ್ಲದ ಸರಕು. ಎರಡನ್ನೂ ಬೆರೆಸಿದರೆ ಜೋತುಬೀಳದೆ ಇನ್ನೇನಾಗುತ್ತೆ?

ಸಲ್ಫೇಟ್ (ಶಾಂಪೂವಿನಲ್ಲಿ ಜೋರಾಗಿ ಜಿಡ್ಡು ತೆಗೆಯುವ ಅಂಶ) ಅಂದರೆ ಭಯ ಇದ್ದವರು ಕೊಕಾಮಿಡೋಪ್ರೊಪೈಲ್ ಬೀಟೇನ್ ಇರುವ ಮೃದು ಶಾಂಪೂ ಮೊದಲು ನೋಡಬಹುದು. ಅದಕ್ಕೂ ತಕ್ಕಮಟ್ಟಿಗೆ ಸಿಲಿಕೋನ್ ಹೋಗುತ್ತದೆ, ಒಂದೆರಡು ಸಲ ಜಾಸ್ತಿ ತೊಳೆಯಬೇಕಾಗಬಹುದು ಅಷ್ಟೆ. ಸಲ್ಫೇಟ್ ಶಾಂಪೂ ಹಾಕುವುದಾದರೆ ಅದರ ಹಿಂದೆಯೇ ಕಂಡೀಷನರ್ ಇರಲಿ.

ಸಿಲಿಕೋನ್ ಪಟ್ಟಿಯಲ್ಲೇ ಇಲ್ಲ, ಆದರೂ ಜೋತುಬೀಳುತ್ತದೆ ಅಂದರೆ "ಪಾಲಿಕ್ವಾಟರ್ನಿಯಂ" ಅನ್ನುವ ಹೆಸರು ಹುಡುಕಿ (ಇದೂ ಕೂದಲಿಗೆ ಅಂಟಿ ಪದರವಾಗಿ ಕೂರುವ ವಸ್ತು), ಶಿಯಾ ಬೆಣ್ಣೆ, ದಪ್ಪ ಎಣ್ಣೆ ಹುಡುಕಿ. "ಸಿಲಿಕೋನ್ ಇಲ್ಲ" ಅಂತ ದೊಡ್ಡದಾಗಿ ಬರೆದ ಕ್ರೀಮ್‌ಗಳು ಎಷ್ಟೋ ಸಲ ಇನ್ನೂ ಭಾರ.

## "ಮೇಲೆ ನುಣುಪು, ಆದರೆ ನೀರೇ ಹಿಡಿಯಲ್ಲ"

ಷವರ್ ಕೆಳಗೆ ನಿಂತು ಒಂದು ನಿಮಿಷವಾದರೂ ಒಳಗಿನ ಕೂದಲು ಒಣಗಿಯೇ ಇರುತ್ತದೆ, ನೀರು ಮಣಿಯಾಗಿ ಉರುಳಿಹೋಗುತ್ತದೆ. ಇದನ್ನು ನೋಡಿ "ಸಿಲಿಕೋನ್ ಗೋಡೆ ಕಟ್ಟಿದೆ" ಅಂತ ತೀರ್ಮಾನ ಮಾಡಬೇಡಿ. ಆರೋಗ್ಯವಾಗಿರುವ ಹೊಸ ಕೂದಲೂ ನೀರನ್ನು ಹೀಗೇ ತಳ್ಳುತ್ತದೆ.

ನೋಡಬೇಕಾದದ್ದು ಎಲ್ಲಿ ಹೀಗಾಗುತ್ತಿದೆ ಅಂತ. ಬುಡದ ಹತ್ತಿರ ನೀರು ಜಾರಿ ತುದಿ ಬೇಗ ನೆನೆದರೆ ಅದು ಸಹಜ. ಹಳೆಯ ತುದಿಯಲ್ಲೇ ನೀರು ಜಾರುತ್ತಿದ್ದರೆ, ಅದರಲ್ಲೂ ಬಣ್ಣ ಹಾಕಿಸಿದ ತುದಿಯಲ್ಲಿ, ಅಲ್ಲಿ ಏನೋ ಕೂತಿದೆ. ಖಾಲಿ ಜೊಂಪೆಯ ತುದಿಗೂ ತೊಳೆಯದ ಜೊಂಪೆಯ ತುದಿಗೂ ಒಂದೊಂದು ಹನಿ ನೀರು ಬಿಟ್ಟು ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಲೋಟದ ನೀರಿಗೆ ಕೂದಲು ಹಾಕಿ ತೇಲುತ್ತಾ ಮುಳುಗುತ್ತಾ ನೋಡುವ ಪರೀಕ್ಷೆ ಇದೆಯಲ್ಲ, ಅದನ್ನು ನಂಬಬೇಡಿ. ಚೂರು ಜಿಡ್ಡಿದ್ದರೂ ಉತ್ತರ ಬದಲಾಗುತ್ತದೆ.

ಇಲ್ಲಿ ಕೆಲಸಕ್ಕೆ ಬರುವುದು ಒಂದೇ ಸಲದ ಜೋರು ತೊಳೆತ ಅಲ್ಲ, ಎರಡು ಮೂರು ತಲೆಸ್ನಾನಗಳಲ್ಲಿ ನಿಧಾನವಾಗಿ ತೆಗೆಯುವುದು. ಅಡುಗೆ ಸೋಡಾ ಹಾಕಬೇಡಿ. ಅದರ ಪಿಎಚ್ 8ಕ್ಕಿಂತ ಮೇಲೆ, ಅಂದರೆ ಕ್ಷಾರ, ಚಿಪ್ಪುಗಳು ಎದ್ದು ಕೂದಲು ಒರಟಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಕೂಡ ಬೇಡ.

## "ಎಷ್ಟು ತೊಳೆದರೂ ಮೇಣದ ಹಾಗೆ, ಮಂಕು, ಗಡುಸು"

ಇದು ನನ್ನ ಕತೆ. ಖಾಲಿ ಜೊಂಪೆ ತೊಳೆದ ಮೇಲೂ ಬೆರಳಿಗೆ ಅಂಟಂಟು, ಒಣಗಿದ ಮೇಲೆ ಹುಲ್ಲು. ಆಗ ನಾನು ಮಾಡಿದ್ದು ಇನ್ನೂ ಜೋರಾದ ಶಾಂಪೂ ತಂದಿದ್ದು, ಅದರಿಂದ ಇನ್ನೂ ಹಾಳಾಗಿದ್ದು. ಶಾಂಪೂ ಕೂದಲಿನ ಮೇಲಿನ ಎಣ್ಣೆ, ಸಿಲಿಕೋನ್ ತೆಗೆಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿಗೆ ಹಿಡಿದುಕೊಂಡಿದ್ದರೆ ಬರೀ ನೊರೆಗೆ ಅದು ಬಗ್ಗುವುದಿಲ್ಲ.

ನೀರಿನ ಪರೀಕ್ಷೆ ಸುಲಭ. ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ನೀರು ತುಂಬಿ, ನಿಜವಾದ ಸೋಪಿನ ಒಂದು ಚೂರು ಹಾಕಿ, ಮುಚ್ಚಿ ಕುಲುಕಿ. ಬಾಡಿ ವಾಷ್, ಶಾಂಪೂ ಆಗುವುದಿಲ್ಲ, ಅವು ಸೋಪಲ್ಲ. ಮೇಲೆ ದಪ್ಪ ನೊರೆ, ಕೆಳಗೆ ತಿಳಿ ನೀರು ಇದ್ದರೆ ಮೆದು ನೀರು. ನೊರೆ ಬರದೆ ನೀರು ಹಾಲಿನ ಹಾಗಾಗಿ ಒಡೆದ ಚೂರುಗಳು ತೇಲಿದರೆ ಗಡಸು. ನಲ್ಲಿ ಬಾಯಲ್ಲಿ, ಷವರ್ ತೂತುಗಳಲ್ಲಿ ಬಿಳಿ ಕರೆ ಕಟ್ಟಿದ್ದರೆ ಬಾಟಲಿ ಕುಲುಕುವ ಅಗತ್ಯವೇ ಇಲ್ಲ.

ಇದಕ್ಕೆ ಬೇಕಾದದ್ದು ಖನಿಜವನ್ನು ಹಿಡಿದು ಎಳೆಯುವ ಶಾಂಪೂ. ಪಟ್ಟಿಯಲ್ಲಿ ಇಡಿಟಿಎ, ಸೋಡಿಯಂ ಫೈಟೇಟ್, ಸೋಡಿಯಂ ಗ್ಲುಕೋನೇಟ್ ಇಂಥವು ಇರುತ್ತವೆ. ಇಲ್ಲೊಂದು ಮೋಸ ಇದೆ. ಬಹಳಷ್ಟು ಸಾದಾ ಶಾಂಪೂಗಳಲ್ಲೂ ಇಡಿಟಿಎ ಚಿಟಿಕೆಯಷ್ಟು ಇರುತ್ತದೆ, ಅದು ಶಾಂಪೂ ಕೆಡದಿರಲಿ ಅಂತ. ಗಡಸು ನೀರಿಗೆ ಅಥವಾ ಈಜುವವರಿಗೆ ಅಂತಲೇ ಮಾಡಿದ್ದನ್ನು ತೆಗೆದುಕೊಳ್ಳಿ. ಡಬ್ಬಿ ಕೊಳ್ಳುವ ಮುಂಚೆ ನೋಡಬೇಕಾದರೆ 250 ಮಿಲಿ ನೀರಿಗೆ ಒಂದು ದೊಡ್ಡ ಚಮಚ ವಿನಿಗರ್ ಬೆರೆಸಿ ಅದೇ ಜೊಂಪೆಯ ಮೇಲೆ ಹಾಕಿ, ಎರಡು ನಿಮಿಷ ಬಿಟ್ಟು ತೊಳೆಯಿರಿ. ಸ್ವಲ್ಪವಾದರೂ ಮೆದುವಾದರೆ ಕಳ್ಳ ಸಿಕ್ಕಿದ. ವಿನಿಗರ್ ನೀರು ಬೆರೆಸದೆ ಹಾಕಬೇಡಿ, ಚರ್ಮ ಸುಡುತ್ತದೆ. ಕಣ್ಣಿಗೂ ಬೀಳದಿರಲಿ.

ಅಂದಹಾಗೆ, ಗಡಸು ನೀರಿರುವ ಕಡೆ ಸಿಲಿಕೋನ್ ಪೂರ್ತಿ ಬಿಟ್ಟವರಿಗೆ ಕಷ್ಟ ಜಾಸ್ತಿ. ಖನಿಜದ ಒರಟನ್ನು ಅದು ಮರೆಮಾಡುತ್ತಿರುತ್ತದೆ. ನನಗೆ ಆಗಿದ್ದೂ ಅದೇ.

## "ಸಿಲಿಕೋನ್ ಬಿಟ್ಟೆ, ಕೂದಲು ಇನ್ನೂ ಹಾಳಾಯಿತು"

"ಒಳಗಿನ ವಿಷ ಹೊರಗೆ ಹೋಗ್ತಿದೆ, ಆರು ತಿಂಗಳು ತಡ್ಕೊಳ್ಳಿ" ಅನ್ನುವವರು ಸಿಗುತ್ತಾರೆ. ಕೂದಲಿನಿಂದ ವಿಷ ಹೊರಗೆ ಹೋಗುವ ವ್ಯವಸ್ಥೆ ಏನೂ ಇಲ್ಲ. ಒಂದೆರಡು ಸರಿಯಾದ ತೊಳೆತಕ್ಕೆ ಸಿಲಿಕೋನ್ ಬಹುಪಾಲು ಹೋಗಿರುತ್ತದೆ. ಆಮೇಲೆ ಕಾಣುವುದು ನಿಮ್ಮ ಕೂದಲಿನ ನಿಜವಾದ ಸ್ಥಿತಿ.

ಮೊದಲು ಒದ್ದೆ ಕೂದಲ ಆಕಾರ ನೋಡಿ. ಪೂರ್ತಿ ಒದ್ದೆಯಾದಾಗ ಬುಡದ ಕಡೆ ಸುರುಳಿ, ತುದಿಯ ಕಡೆ ನೇರ ಇದ್ದರೆ ಅದು ಬಿಸಿ ಅಥವಾ ರಾಸಾಯನಿಕದ ಪೆಟ್ಟು. ಸಿಲಿಕೋನ್ ಹೊರಗೆ ಕೂರುವ ಸಾಮಾನು, ಅದಕ್ಕೆ ಕೂದಲಿನ ಒಳಗಿನ ಕಟ್ಟು ಬದಲಾಯಿಸುವ ಶಕ್ತಿ ಇಲ್ಲ. ಇಸ್ತ್ರಿ ಮಾಡಿ ಮಾಡಿ ಸುರುಳಿ ಕಳೆದುಕೊಂಡ ತುದಿಗೆ ಕತ್ತರಿಯೇ ಗತಿ, ಬೇಜಾರಾದರೂ ಸತ್ಯ ಇದೇ.

ಆಮೇಲೆ ಎಳೆಯುವ ಪರೀಕ್ಷೆ. ತಾನಾಗಿ ಉದುರಿದ ಒಂದು ಕೂದಲನ್ನು ಒದ್ದೆ ಮಾಡಿ ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ, ಬಿಟ್ಟಾಗ ಹಿಂದಕ್ಕೆ ಬಂದರೆ ಸರಿಯಾಗಿದೆ. ಚೂಯಿಂಗ್ ಗಮ್ ಹಾಗೆ ಹಿಗ್ಗುತ್ತಲೇ ಹೋಗಿ ವಾಪಸ್ ಬರದಿದ್ದರೆ ಬ್ಲೀಚ್‌ನಂಥ ರಾಸಾಯನಿಕ ಒಳಗಿನ ಕಟ್ಟು ಸಡಿಲ ಮಾಡಿದೆ. ಹಿಗ್ಗದೆ ಪಟ್ ಅಂತ ತುಂಡಾದರೆ ಬಿರುಸಾಗಿದೆ. ಒಂದೇ ಕೂದಲು ನೋಡಿ ತೀರ್ಪು ಕೊಡಬೇಡಿ, ಐದಾರು ನೋಡಿ.

ಕೂದಲು ಗಟ್ಟಿಯಿದೆ, ಬರೀ ಸಿಕ್ಕು ಮತ್ತು ಹಾರಾಟ ಜಾಸ್ತಿ ಅಂದರೆ ಉತ್ತರ ಸರಳ: ನಿಮ್ಮ ಕೂದಲಿಗೆ ಆ ಜಾರುಗುಣ ಬೇಕಿತ್ತು. ವಾಪಸ್ ಹೋಗಿ. ಅದರಲ್ಲಿ ಸೋಲೇನೂ ಇಲ್ಲ. ಅಮೋಡೈಮೆಥಿಕೋನ್ ಇರುವ ಕಂಡೀಷನರ್‌ನಿಂದ ಶುರು ಮಾಡಬಹುದು, ಸವೆದ ಜಾಗಕ್ಕೇ ಹೋಗುತ್ತದೆ, ಭಾರ ಕಮ್ಮಿ. ಬಾಚಣಿಗೆಯಿಂದ ಎಳೆದೆಳೆದು ತುಂಡು ಮಾಡಿಕೊಳ್ಳುವುದಕ್ಕಿಂತ ಡೈಮೆಥಿಕೋನ್ ಎಷ್ಟೋ ವಾಸಿ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಮೂರು ತಲೆಸ್ನಾನ ನೋಡಿ, ಆಮೇಲೆ ಮುಂದಿನದು. ನಾನು ಒಂದೇ ದಿನ ಶಾಂಪೂ, ಕಂಡೀಷನರ್, ಜೆಲ್ ಮೂರನ್ನೂ ಬದಲಾಯಿಸಿ, ಯಾವುದು ಏನು ಮಾಡಿತು ಅಂತ ಗೊತ್ತಾಗದೆ ಒದ್ದಾಡಿದ್ದೇನೆ.

## "ಬಿಳಿ ಪುಡಿ ಉದುರುತ್ತೆ"

ಪುಡಿಯನ್ನು ಬೆರಳ ಮಧ್ಯೆ ಉಜ್ಜಿ ಒಂದು ಹನಿ ನೀರು ಹಾಕಿ. ಕರಗಿ ಅಂಟಾದರೆ ಅದು ಜೆಲ್. ಆಗ ಅಂಗೈ ಮೇಲೆ ನಿಮ್ಮ ಕ್ರೀಮ್ ಅಥವಾ ಸೀರಮ್ ಒಂದು ಚೂರು, ಜೆಲ್ ಒಂದು ಚೂರು ಹಾಕಿ ಬೆರಳಿನಿಂದ ಕಲಸಿ. ನಯವಾಗಿ ಬೆರೆತರೆ ಸರಿ, ಒಡೆದ ಹಾಲಿನ ಹಾಗೆ ಚೂರು ಚೂರಾದರೆ ಎರಡಕ್ಕೂ ಆಗಿಬರುವುದಿಲ್ಲ. ಸೀರಮ್ ಅನ್ನು ಜೆಲ್ ಒಣಗಿದ ಮೇಲೆ ಕೊನೆಗೆ ಹಚ್ಚಿದರೆ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಪುಡಿ ಕರಗಲಿಲ್ಲ, ಹಳದಿ ಛಾಯೆ ಇದೆ, ಜಿಡ್ಡಾಗಿದೆ, ನೆತ್ತಿ ಕೆರೆಯುತ್ತದೆ ಅಂದರೆ ಹೊಟ್ಟು. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಅನ್ನುವ ಶಿಲೀಂಧ್ರ ನೆತ್ತಿಯ ಜಿಡ್ಡು, ಎಣ್ಣೆಗಳಲ್ಲಿನ ಕೊಬ್ಬಿನಾಮ್ಲ ತಿಂದು ಬದುಕುತ್ತದೆ. ಸಿಲಿಕೋನ್ ಅದಕ್ಕೆ ಊಟ ಅಲ್ಲ. ಹಾಗಾಗಿ ಸಿಲಿಕೋನ್ ಬಿಟ್ಟು ಅದರ ಬದಲು ನೆತ್ತಿಗೆ ಎಣ್ಣೆ ಸುರಿದರೆ ಹೊಟ್ಟು ಹೆಚ್ಚಬಹುದು. ಕೀಟೊಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್ ಇರುವ ಶಾಂಪೂವನ್ನು ನೆತ್ತಿಗೆ ಮಾತ್ರ ಹಚ್ಚಿ ಕೆಲವು ನಿಮಿಷ ಬಿಟ್ಟು ತೊಳೆಯಿರಿ. ಇಂಥ ಶಾಂಪೂಗಳಲ್ಲಿ ಹಲವಕ್ಕೆ ಡೈಮೆಥಿಕೋನ್ ಹಾಕಿರುತ್ತಾರೆ, ಅದೊಂದೇ ಕಾರಣಕ್ಕೆ ಬೇಡ ಅನ್ನಬೇಡಿ.

## "ಕೈತುಂಬ ಕೂದಲು ಬರುತ್ತಿದೆ"

ಬಂದ ಕೂದಲನ್ನು ಬಿಳಿ ಕಾಗದದ ಮೇಲೆ ಹರಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಇದೆಯಾ? ಇದ್ದರೆ ಅದು ಬುಡದಿಂದ ಉದುರಿದ್ದು. ಗಂಟಿಲ್ಲದ ಚಿಕ್ಕ ಚಿಕ್ಕ ಚೂರುಗಳೇ ಜಾಸ್ತಿ ಇದ್ದರೆ ಅದು ಮುರಿದಿದ್ದು.

ಮುರಿದಿದ್ದಾದರೆ ಮೇಲಿನ ವಿಭಾಗಗಳಲ್ಲೇ ಉತ್ತರ ಇದೆ. ಸಿಕ್ಕು, ಬಿಸಿ, ಬ್ಲೀಚ್, ಒಣ ಕೂದಲನ್ನು ಬಾಚುವುದು. ಉದುರಿದ್ದಾದರೆ ಮೊದಲು ಲೆಕ್ಕ ಹಾಕಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಗುಂಗುರು ಕೂದಲಲ್ಲಿ ಅವು ಕೆಳಗೆ ಬೀಳದೆ ಸುರುಳಿಯೊಳಗೇ ಸಿಕ್ಕಿಕೊಂಡಿರುತ್ತವೆ. ಐದು ದಿನಕ್ಕೊಮ್ಮೆ ತಲೆಸ್ನಾನ ಮಾಡಿದರೆ ಐದು ದಿನದ್ದು ಒಟ್ಟಿಗೆ ಕೈಗೆ ಬರುತ್ತದೆ. ಅದೂ ಜಾರುವ ಕಂಡೀಷನರ್ ಹಚ್ಚಿದ ಕ್ಷಣಕ್ಕೆ. ನೋಡಿದವರು ಕಂಡೀಷನರ್‌ನಿಂದಲೇ ಉದುರಿತು ಅಂದುಕೊಳ್ಳುತ್ತಾರೆ.

ಲೆಕ್ಕ ಮೀರಿ ಉದುರುತ್ತಿದ್ದರೆ ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು ನೆನಪಿಸಿಕೊಳ್ಳಿ. ಜೋರು ಜ್ವರ, ಹೆರಿಗೆ, ಆಪರೇಷನ್, ತೂಕ ದಿಢೀರ್ ಇಳಿದಿದ್ದು, ಇವುಗಳ ಪರಿಣಾಮ ಅಷ್ಟು ತಡವಾಗಿ ತಲೆಯಲ್ಲಿ ಕಾಣುತ್ತದೆ.

## ಎಲ್ಲಿ ನಿಲ್ಲಿಸಬೇಕು, ಏನು ಮಾಡಬಾರದು

ಸೀರಮ್, ಹೊಳಪಿನ ಸ್ಪ್ರೇ ಬಾತ್‌ರೂಮಿನಲ್ಲಿ ಹಾಕುತ್ತೀರಾ? ನೆಲ ಒರೆಸಿ. ಟೈಲ್ಸ್ ಮೇಲೆ ಬಿದ್ದ ಸಿಲಿಕೋನ್ ಕಣ್ಣಿಗೆ ಕಾಣುವುದಿಲ್ಲ, ನೀರು ಹಾಕಿದರೂ ಹೋಗುವುದಿಲ್ಲ. ನಾನು ಅದರ ಮೇಲೆ ಜಾರಿದಾಗ ಬಾಗಿಲ ಚಿಲಕ ಹಿಡಿದುಕೊಂಡೆ, ಇಲ್ಲದಿದ್ದರೆ ಸೊಂಟ ಹೋಗುತ್ತಿತ್ತು. ಸೋಪು ನೀರಿನಲ್ಲಿ ತಿಕ್ಕಿ. ಸ್ಪ್ರೇ ಮಾಡುವಾಗ ಕಿಟಕಿ ತೆರೆದಿರಲಿ, ಉಸಿರೊಳಗೆ ಎಳೆದುಕೊಳ್ಳಬೇಡಿ. ಸ್ಪ್ರೇ, ಸೀರಮ್ ಹಚ್ಚಿದ ತಕ್ಷಣ ಬೆಂಕಿಯ ಹತ್ತಿರ ಹೋಗಬೇಡಿ.

ಬಿಸಿ ಇಸ್ತ್ರಿಯನ್ನು ಒದ್ದೆ ಕೂದಲಿಗೆ ಹಾಕಬೇಡಿ, ಒಳಗಿನ ನೀರು ಕುದಿದು ಎಳೆಯೊಳಗೇ ಗುಳ್ಳೆ ಏಳುತ್ತದೆ. ಸಿಲಿಕೋನ್ ಸ್ಪ್ರೇ ಹಾಕಿದ್ದೀನಿ ಅನ್ನುವ ಧೈರ್ಯ ಬೇಡ, ಅದು ಬಿಸಿಯನ್ನು ನಿಧಾನ ಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ಕೂದಲು ನೇರ ಮಾಡುವ ಟ್ರೀಟ್‌ಮೆಂಟ್ ಮಾಡಿಸುವಾಗ ಕಣ್ಣು, ಮೂಗು, ಗಂಟಲು ಉರಿದರೆ ಅದು ಫಾರ್ಮಾಲ್ಡಿಹೈಡ್ ಅನ್ನುವ ವಿಷದ ಆವಿ ಇರಬಹುದು. ಅರ್ಧಕ್ಕೆ ನಿಲ್ಲಿಸಿ ಹೊರಗೆ ಬನ್ನಿ, ದುಡ್ಡು ಕೊಟ್ಟಿದ್ದೀನಿ ಅಂತ ಕೂರಬೇಡಿ.

ನೆತ್ತಿ ಕೆಂಪಾಗಿ ಉರಿದರೆ, ಕೀವಿನ ಗುಳ್ಳೆ ಎದ್ದರೆ, ಕಿವಿ, ಕುತ್ತಿಗೆ, ರೆಪ್ಪೆ ಊದಿಕೊಂಡರೆ ಎಲ್ಲಾ ಡಬ್ಬಿಗಳನ್ನೂ ನಿಲ್ಲಿಸಿ. ಸುಗಂಧ, ಸಂರಕ್ಷಕ, ಕೆಲವರಿಗೆ ಬೀಟೇನ್ ಕೂಡ ಅಲರ್ಜಿ ಮಾಡುತ್ತದೆ. ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ. ನಾಣ್ಯದಂತೆ ದುಂಡಗೆ ಕೂದಲು ಹೋದರೆ, ಬಿಗಿಯಾಗಿ ಕಟ್ಟುವವರ ಹಣೆಯಂಚು ತೆಳುವಾಗುತ್ತಿದ್ದರೆ, ಹೊಟ್ಟಿನ ಶಾಂಪೂ ನಾಲ್ಕು ವಾರ ಹಾಕಿದರೂ ಕೆರೆತ ನಿಲ್ಲದಿದ್ದರೆ ಚರ್ಮದ ವೈದ್ಯರನ್ನು ನೋಡಿ. ಹೋಗುವಾಗ ಎಲ್ಲಾ ಡಬ್ಬಿಗಳ ಹಿಂಬದಿಯ ಪಟ್ಟಿಯನ್ನು ಫೋಟೋ ತೆಗೆದುಕೊಂಡು ಹೋಗಿ, ಮತ್ತು ಹಿಂದಿನ ರಾತ್ರಿ ಸೀರಮ್ ಹಚ್ಚಬೇಡಿ. ಹೊಳಪಿನ ಕೆಳಗೆ ಕೂದಲು ನಿಜವಾಗಿ ಹೇಗಿದೆ ಅಂತ ಅವರಿಗೂ ಕಾಣಬೇಕಲ್ವಾ.